ಒಂದೇ ಚಿಪ್, ಎರಡು ನ್ಯಾಯಾಲಯ

ಒಂದು ಸಾಧನದ ಭದ್ರತಾ ಲೋಪವನ್ನು ಕಂಡುಹಿಡಿದವರು ಅದನ್ನು ಬಹಿರಂಗವಾಗಿ ಹೇಳದಂತೆ ತಡೆಯುವ ಹಕ್ಕು ಅದನ್ನು ತಯಾರಿಸಿದವರಿಗಾಗಲಿ ಬಳಸುವ ಸಂಸ್ಥೆಗಾಗಲಿ ಇದೆಯೇ ಎಂಬ ಪ್ರಶ್ನೆ 2008ರ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ನೆದರ್ಲೆಂಡ್ಸ್‌ನ ಆರ್ನೆಮ್ ಹಾಗೂ ಅಮೆರಿಕದ ಬಾಸ್ಟನ್ ನ್ಯಾಯಾಲಯಗಳ ಮುಂದೆ ಒಂದರ ಬೆನ್ನಿಗೊಂದರಂತೆ ಬಂದಿತು. ಎರಡೂ ವ್ಯಾಜ್ಯಗಳಲ್ಲಿ ಕೇಳಿಬಂದದ್ದು ಎನ್‌ಎಕ್ಸ್‌ಪಿ ಎಂಬ ಡಚ್ ಕಂಪನಿಯ ಮಿಫೇರ್ ಕ್ಲಾಸಿಕ್ ಚಿಪ್ಪಿನ ಹೆಸರು. ಡಚ್ ಸಾರಿಗೆ ಕಾರ್ಡ್, ಲಂಡನ್ನಿನ ಆಯ್ಸ್ಟರ್ ಕಾರ್ಡ್, ಬಾಸ್ಟನ್ನಿನ ಚಾರ್ಲಿ ಕಾರ್ಡ್ ಮೂರರೊಳಗೂ ಇದ್ದದ್ದು ಅದೇ. ಕಾರ್ಡನ್ನು ಯಂತ್ರದ ಹತ್ತಿರ ಹಿಡಿದಾಗ ಎರಡಕ್ಕೂ ಒಂದೇ ರಹಸ್ಯ ಕೀಲಿ ಗೊತ್ತಿದೆಯೆಂದು ರೇಡಿಯೊ ಸಂಕೇತಗಳ ಮೂಲಕ ಖಾತ್ರಿಯಾದ ಮೇಲಷ್ಟೇ ಒಳಗಿನ ಹಣದ ಲೆಕ್ಕವನ್ನು ಓದಲು, ತಿದ್ದಲು ಸಾಧ್ಯವಾಗುವಂತೆ ಅದನ್ನು ರೂಪಿಸಲಾಗಿತ್ತು.

ಬೀಗದ ರಚನೆ ಊರಿಗೆಲ್ಲ ತಿಳಿದಿದ್ದರೂ ಕೀಲಿಯಿಲ್ಲದವನು ಅದನ್ನು ತೆರೆಯಲಾಗಬಾರದು, ಗುಟ್ಟೇನಿದ್ದರೂ ಕೀಲಿಯಲ್ಲಿರಬೇಕು ಎಂಬರ್ಥದ ತತ್ತ್ವವನ್ನು ಡಚ್ ಮೂಲದ ಭಾಷಾಪಂಡಿತ ಆಗುಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಮಂಡಿಸಿದ್ದನು. ಆದರೆ ಈ ಚಿಪ್ಪಿನ ಗೂಢಲಿಪಿ ವಿಧಾನವಾದ ಕ್ರಿಪ್ಟೋ-1 ಅನ್ನೇ ಗುಟ್ಟಾಗಿಡಲಾಗಿತ್ತು. ಕೀಲಿಯೋ ಕೇವಲ 48 ಬಿಟ್‌ಗಳಷ್ಟು ಚಿಕ್ಕದು. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನವೊಂದರಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್, ಚಿಪ್ಪನ್ನು ಪದರಪದರವಾಗಿ ಸವೆಸಿ ಸೂಕ್ಷ್ಮದರ್ಶಕದಡಿ ಚಿತ್ರ ತೆಗೆದು ಆ ವಿಧಾನವನ್ನು ತಾವು ಬಿಡಿಸಿದ ಬಗೆಯನ್ನು ವಿವರಿಸಿದರು. ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ತಂಡವು ಕಾರ್ಡ್ ಮತ್ತು ಯಂತ್ರ ನಡೆಸುವ ಸಂವಹನವನ್ನೇ ಅಭ್ಯಸಿಸಿ, ಕೀಲಿಯನ್ನು ಹೊರತೆಗೆದು ಕಾರ್ಡನ್ನು ನಕಲು ಮಾಡಬಹುದೆಂದು ಸಾಧಿಸಿ ತೋರಿಸಿತು.

ಆ ಬಳಿಕ ತಂಡ ನಡೆದುಕೊಂಡ ರೀತಿಯೇ ಇಲ್ಲಿ ಮುಖ್ಯ. ಸರ್ಕಾರಿ ಕಟ್ಟಡಗಳ ಪ್ರವೇಶಕ್ಕೂ ಅದೇ ಚಿಪ್ ಬಳಕೆಯಲ್ಲಿದ್ದುದರಿಂದ 2008ರ ಮಾರ್ಚ್‌ನಲ್ಲಿ ಸರ್ಕಾರಕ್ಕೂ ಕಂಪನಿಗೂ ವಿಷಯ ತಿಳಿಸಿ, ಲೋಪವಿದೆ ಎಂಬಷ್ಟನ್ನು ಜನರ ಮುಂದಿಟ್ಟು, ತಾಂತ್ರಿಕ ವಿವರಗಳ ಪ್ರಬಂಧವನ್ನು ಅಕ್ಟೋಬರಿನ ಸಮ್ಮೇಳನಕ್ಕೆ ಕಾದಿರಿಸಿತು. ಅದರ ಪ್ರಕಟಣೆಯನ್ನು ತಡೆಯಬೇಕೆಂದು ಎನ್‌ಎಕ್ಸ್‌ಪಿ ಹೂಡಿದ ದಾವೆಯನ್ನು ಆರ್ನೆಮ್ ನ್ಯಾಯಾಲಯ ಜುಲೈ 18ರಂದು ತಳ್ಳಿಹಾಕಿತು. ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿದದ್ದಲ್ಲದೆ, ಹಾನಿಗೆ ಕಾರಣ ಪ್ರಬಂಧವಲ್ಲ, ಕೊರತೆಯುಳ್ಳ ಚಿಪ್ಪನ್ನು ತಯಾರಿಸಿ ಮಾರಿದ್ದೇ ಎಂದಿತು. ಲೋಪದ ಸುದ್ದಿ ತಂದವನನ್ನೇ ಲೋಪದ ಕರ್ತೃವೆಂಬಂತೆ ಕಾಣುವ ಕಂಪನಿಗಳ ಹಳೆಯ ಚಾಳಿಗೆ ಇಷ್ಟು ನೇರವಾದ ಉತ್ತರ ಅಪರೂಪವೇ.

ಕಂಪನಿಯ ಆತಂಕ ಪೂರ್ತಿ ಹುಸಿಯಾಗಿರಲಿಲ್ಲವೆಂಬುದನ್ನೂ ಒಪ್ಪಬೇಕು. ತಂತ್ರಾಂಶದ ಲೋಪವಾದರೆ ತಿದ್ದುಪಡಿಯನ್ನು ಅಂತರ್ಜಾಲದ ಮೂಲಕ ಕಳಿಸಬಹುದಾದ್ದರಿಂದ, ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದಂತೆ 90 ದಿನಗಳ ಗಡುವು ಕೊಟ್ಟು, ಆಮೇಲೆ ವಿವರ ಪ್ರಕಟಿಸುವ ಪದ್ಧತಿ ಅಲ್ಲಿ ನಡೆದೀತು. ಜನರ ಜೇಬುಗಳಲ್ಲಿರುವ ಚಿಪ್ಪುಗಳನ್ನು ಒಂದೊಂದಾಗಿ ಬದಲಿಸಲು ಅಂತಹ ಯಾವ ಗಡುವೂ ಸಾಲದು. ಆದರೂ ಸರಿಪಡಿಸುವ ಕೆಲಸ ಮುಗಿಯುವವರೆಗೆ ಬಾಯಿ ಮುಚ್ಚಿರಬೇಕೆಂದರೆ ಕೆಲಸ ಮುಗಿಸುವ ಅವಸರವೇ ಯಾರಿಗೂ ಇರುವುದಿಲ್ಲ, ಮತ್ತು ಆ ಅವಧಿಯುದ್ದಕ್ಕೂ ಅಪಾಯವನ್ನು ಅರಿಯದೆ ಹೊತ್ತಿರುವವನು ಬಳಕೆದಾರನೇ. ಮೌನದ ಬೆಲೆ ಎಷ್ಟೆಂಬುದಕ್ಕೆ ವಿಂಡೋಸ್‌ನ ಲೋಪವೊಂದನ್ನು ಬಳಸಿಕೊಳ್ಳುವ ಉಪಕರಣವನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಉದಾಹರಣೆಯಾಗಿದೆ: 2017ರ ಏಪ್ರಿಲ್‌ನಲ್ಲಿ ಆ ಉಪಕರಣ ಸೋರಿ, ಮೇ ತಿಂಗಳಲ್ಲಿ ಅದನ್ನೇ ಆಧರಿಸಿದ ವಾನಾಕ್ರೈ ದಾಳಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ತಟ್ಟಿತು.

ಬಾಸ್ಟನ್ನಿನ ಕಥೆ ಇಷ್ಟು ಅಚ್ಚುಕಟ್ಟಲ್ಲ. ಎಂಐಟಿಯ ಮೂವರು ವಿದ್ಯಾರ್ಥಿಗಳು ಅಲ್ಲಿನ ಸಾರಿಗೆ ಸಂಸ್ಥೆಯ ಟಿಕೆಟ್ ವ್ಯವಸ್ಥೆಯ ಲೋಪಗಳ ಬಗ್ಗೆ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾತನಾಡಲಿದ್ದರು. ಸಂಸ್ಥೆಯೊಂದಿಗೆ ಅವರ ಭೇಟಿ ನಡೆದದ್ದು ಉಪನ್ಯಾಸಕ್ಕೆ ಕೆಲವೇ ದಿನಗಳ ಮುಂಚೆ. ಇದು ಅವರ ನಡೆಯಲ್ಲಿದ್ದ ನಿಜವಾದ ಕೊರತೆ. ಆಗಸ್ಟ್ 9ರಂದು ಸಂಸ್ಥೆ ತಾತ್ಕಾಲಿಕ ತಡೆಯಾಜ್ಞೆಯನ್ನೇನೋ ತಂದಿತು, ಆದರೆ ಅಷ್ಟರಲ್ಲಿ ಉಪನ್ಯಾಸದ ಸ್ಲೈಡುಗಳು ಸಮ್ಮೇಳನಕ್ಕೆ ಬಂದವರ ಕೈಸೇರಿದ್ದವು. ಸಾಲದ್ದಕ್ಕೆ ವಿದ್ಯಾರ್ಥಿಗಳು ಗೋಪ್ಯವಾಗಿ ಕೊಟ್ಟಿದ್ದ ವರದಿಯನ್ನು ಸಂಸ್ಥೆಯೇ ದಾವೆಗೆ ಲಗತ್ತಿಸಿದ್ದರಿಂದ ಅದೂ ಸಾರ್ವಜನಿಕ ದಾಖಲೆಯಾಯಿತು. ಗಣಕ ವಂಚನೆ ತಡೆ ಕಾಯ್ದೆಯು ಸಭಿಕರೆದುರು ಆಡುವ ಮಾತಿಗೆ ಅನ್ವಯಿಸಲಾರದೆಂಬ ನಿಲುವು ತಳೆದ ನ್ಯಾಯಾಧೀಶರು ಆಗಸ್ಟ್ 19ರಂದು ತಡೆಯಾಜ್ಞೆಯನ್ನು ಮುಂದುವರಿಸಲು ನಿರಾಕರಿಸಿದರು.

ನೆದರ್ಲೆಂಡ್ಸ್ ಸರ್ಕಾರ 2013ರಲ್ಲಿ ಲೋಪಗಳನ್ನು ವರದಿ ಮಾಡುವ ಕ್ರಮದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಸದ್ಭಾವನೆಯ ಭದ್ರತಾ ಸಂಶೋಧನೆಗೆ ಮೊಕದ್ದಮೆ ಹೂಡಬಾರದೆಂಬ ನೀತಿಯನ್ನು ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. ಭಾರತದಲ್ಲಿ ವರದಿಗಳನ್ನು ಸ್ವೀಕರಿಸಲು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯಿದೆ, ಆದರೆ ವರದಿ ಮಾಡುವವನ ಸ್ಥಾನ ಇಕ್ಕಟ್ಟಿನದು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರಗಳ ಭದ್ರತೆಯನ್ನು ವಿದೇಶಿ ತಜ್ಞರೊಂದಿಗೆ ಪರೀಕ್ಷಿಸಿದ ಸಂಶೋಧಕರೊಬ್ಬರನ್ನು 2010ರ ಆಗಸ್ಟ್‌ನಲ್ಲಿ ಬಂಧಿಸಿದಾಗ, ಯಂತ್ರ ಅವರ ಕೈಗೆ ಹೇಗೆ ಬಂತೆಂಬ ನ್ಯಾಯವಾದ ಪ್ರಶ್ನೆ, ಯಂತ್ರದಲ್ಲಿ ಲೋಪವಿದೆಯೇ ಎಂಬ ಅಷ್ಟೇ ನ್ಯಾಯವಾದ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂ ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸಿದವನನ್ನು ಪರಿಹಾರಕ್ಕೆ ಹೊಣೆಯಾಗಿಸುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ಕಪಟದಿಂದ ಎಸಗಿದರೆ 66ನೇ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕೆ ರಕ್ಷಣೆ ನೀಡುವ ಕಲಮೂ ಅದೇ ಕಾಯ್ದೆಯಲ್ಲಿದೆ, 84ನೆಯದು. ಆದರೆ ಅದು ರಕ್ಷಿಸುವುದು ಸರ್ಕಾರವನ್ನು ಮತ್ತು ಅದರ ಅಧಿಕಾರಿಗಳನ್ನು.