ತಿರುಗಿದರೂ ತಣಿಸದ ಫ್ಯಾನು

ಪೆಟ್ರೋಲನ್ನು ಉರಿಸಿ ಓಡುವ ಕಾರಿನ ಎಂಜಿನ್ನು ಒಂದು ಉಷ್ಣಯಂತ್ರವೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಂಧನದಿಂದ ಹೊರಬೀಳುವ ಶಾಖವೆಲ್ಲವನ್ನೂ ಕೆಲಸವನ್ನಾಗಿ ಮಾರ್ಪಡಿಸುವ ಯಂತ್ರವನ್ನು ಯಾರೂ ನಿರ್ಮಿಸಲಾರರು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಅದಕ್ಕೆ ಅಡ್ಡಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಶಾಖದ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದ ಪಾಲು ಎಂಜಿನ್ನಿನ ಲೋಹದಲ್ಲಿ ಸೇರಿಕೊಳ್ಳುತ್ತದೆ. ಈ ಮೂರನೆಯ ಪಾಲನ್ನು ಒಡನೊಡನೆ ಹೊರಗೆ ಸಾಗಿಸದಿದ್ದರೆ ಸಿಲಿಂಡರಿನ ಮೇಲುಭಾಗವು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಕೆಡುತ್ತದೆ, ಕೊನೆಗೆ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ಎಂಜಿನ್ನೇ ಹಾಳಾಗುತ್ತದೆ.

ಶಾಖವನ್ನು ಹೊರಸಾಗಿಸುವ ಕೆಲಸವನ್ನು ನೀರಿಗೆ ಒಪ್ಪಿಸಲಾಗಿದೆ. ಎಂಜಿನ್ನಿನ ಸುತ್ತ ಹರಿದು ಬಿಸಿಯಾದ ನೀರು ಮುಂಭಾಗದಲ್ಲಿರುವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿದು, ತನ್ನ ಶಾಖವನ್ನು ಗಾಳಿಗೆ ಕೊಟ್ಟು, ಮತ್ತೆ ಎಂಜಿನ್ನಿಗೆ ಮರಳುತ್ತದೆ. ೧೯೦೦-೦೧ರ ವೇಳೆಗೆ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರು ಮರ್ಸಿಡಿಸ್ ಕಾರಿಗಾಗಿ ಜೇನುಗೂಡನ್ನು ಹೋಲುವ ರೇಡಿಯೇಟರನ್ನು ರಚಿಸಿದನು. ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಚೌಕನೆಯ ಕಿರುಗೊಳವೆಗಳಿದ್ದವು. ಶಾಖವನ್ನು ಬಿಟ್ಟುಕೊಡುವ ಮೈ ಹೆಚ್ಚಿದ್ದರಿಂದ ಗಾಡಿಯು ಹೊರಬೇಕಾದ ನೀರು ಒಂಬತ್ತು ಲೀಟರಿಗೆ ಇಳಿಯಿತು. ಗಾಡಿ ನಿಧಾನವಾಗಿ ಹೋಗುವಾಗ ಗಾಳಿ ಸಾಲದೆಂದು ಆತನು ರೇಡಿಯೇಟರಿನ ಹಿಂದೆ ಒಂದು ಫ್ಯಾನನ್ನೂ ಇರಿಸಿದನು.

ಫ್ಯಾನಿನ ಅಗತ್ಯವು ಇಂದಿಗೂ ಅದೇ ಆಗಿದೆ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿಗೆ ಸೆಕೆಂಡಿಗೆ ಸುಮಾರು ೧೭ ಮೀಟರ್ ವೇಗದ ಗಾಳಿ ತಾನಾಗಿಯೇ ಎದುರು ಬೀಸುತ್ತದೆ. ಜನಸಂದಣಿಯ ರಸ್ತೆಯಲ್ಲಿ ಕಾರು ನಿಂತಾಗ ಮಾತ್ರ ಫ್ಯಾನಿಲ್ಲದೆ ಗತಿಯಿಲ್ಲ. ಅಂಬಾಸಿಡರ್ ಮೊದಲಾದ ಹಳೆಯ ಕಾರುಗಳಲ್ಲಿ ಎಂಜಿನ್ನೇ ಪಟ್ಟಿಯ ಮೂಲಕ ಫ್ಯಾನನ್ನು ತಿರುಗಿಸುತ್ತಿತ್ತು. ೧೯೮೩ರಲ್ಲಿ ಬಂದ ಮಾರುತಿ ೮೦೦ರಲ್ಲಿಯೂ ಅನಂತರದ ಬಹುಪಾಲು ಕಾರುಗಳಲ್ಲಿಯೂ ಈ ಕೆಲಸಕ್ಕೆ ಪ್ರತ್ಯೇಕವಾದ ವಿದ್ಯುತ್ ಮೋಟರು ಉಂಟು. ನೀರಿನ ಉಷ್ಣತೆಯು ಗೊತ್ತಾದ ಮಟ್ಟಕ್ಕೆ ಏರಿದಾಗ ಅದು ತಾನಾಗಿ ತಿರುಗತೊಡಗುತ್ತದೆ.

ಎಷ್ಟು ಬೇಗ ಬಿಸಿಯೇರುತ್ತದೆ?

ಒಂದು ಲೆಕ್ಕವನ್ನು ಮಾಡಿ ನೋಡೋಣ. ನಿಂತಲ್ಲೇ ಚಾಲೂ ಇರುವ ಸಣ್ಣ ಕಾರಿನ ಎಂಜಿನ್ನು ಗಂಟೆಗೆ ೦.೭ ಲೀಟರು ಪೆಟ್ರೋಲನ್ನು ಉರಿಸುತ್ತದೆ ಎನ್ನೋಣ. ಒಂದು ಲೀಟರಿನಿಂದ ದೊರೆಯುವ ಶಾಖ ಸುಮಾರು ೩೩ ಮೆಗಾಜೌಲ್. ಅಂದರೆ ಸೆಕೆಂಡಿಗೆ ೬,೪೦೦ ಜೌಲ್. ಅದರ ಮೂರರಲ್ಲೊಂದು ಪಾಲು, ಅಂದರೆ ಸುಮಾರು ೨,೧೦೦ ಜೌಲ್, ನೀರಿಗೆ ಸೇರುತ್ತದೆ. ನಾಲ್ಕು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ೧೬,೮೦೦ ಜೌಲ್ ಬೇಕು. ಆದಕಾರಣ, ಶಾಖವು ಹೊರಹೋಗದಿದ್ದರೆ ಎಂಟು ಸೆಕೆಂಡಿಗೊಂದರಂತೆ ಡಿಗ್ರಿಗಳು ಏರಬೇಕು! ಎಂಜಿನ್ನಿನ ಲೋಹವೂ ಶಾಖದಲ್ಲಿ ಪಾಲು ಪಡೆಯುವುದರಿಂದ ಈ ಏರಿಕೆ ವಾಸ್ತವದಲ್ಲಿ ಇನ್ನಷ್ಟು ನಿಧಾನ. ಆದರೂ ಫ್ಯಾನು ಕೈಕೊಟ್ಟ ಕಾರಿನ ಯಜಮಾನನಿಗೆ ಇರುವ ಬಿಡುವು ಕೆಲವೇ ನಿಮಿಷಗಳದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಂಗಳೂರಿನವರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ನಗರವು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಅನೇಕ ಕಾರುಗಳಲ್ಲಿ ಫ್ಯಾನು ಪ್ರಾರಂಭವಾಗುವುದು ಸರಿಸುಮಾರು ಅದೇ ಉಷ್ಣತೆಯಲ್ಲಿ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ಕುದಿಬಿಂದುವನ್ನು ಮೇಲಕ್ಕೇರಿಸುವುದರಿಂದ ತೊಂದರೆ ತಪ್ಪಿದೆ. ಪ್ರೆಷರ್ ಕುಕ್ಕರಿನ ತತ್ತ್ವವೂ ಇದೇ. ದುರಸ್ತಿಯ ಬಳಿಕ ಆ ಮುಚ್ಚಳವನ್ನು ಸಡಿಲವಾಗಿ ಬಿಟ್ಟರೆ, ಬೇರೆ ಯಾವ ದೋಷವಿಲ್ಲದಿದ್ದರೂ ನೀರು ಕುದಿದು ಉಕ್ಕುತ್ತದೆ.

ಒಂದು ಕಾರಿನ ಸಮಸ್ಯೆ

ಅಧ್ಯಾಪಕ ಮಿತ್ರರೊಬ್ಬರು ತಮ್ಮ ಕಾರಿನ ಸೋರುತ್ತಿದ್ದ ರೇಡಿಯೇಟರನ್ನು ಗ್ಯಾರೇಜೊಂದರಲ್ಲಿ ಬದಲಾಯಿಸಿದ್ದರು. ಅಂದಿನಿಂದ ಹೊಸ ತೊಂದರೆ ತಲೆದೋರಿತು. ಹೆದ್ದಾರಿಯಲ್ಲಿ ಕಾರು ಸುಖವಾಗಿ ಓಡುತ್ತಿತ್ತು. ಪೇಟೆಯಲ್ಲಿ ನಾಲ್ಕಾರು ಕಡೆ ನಿಂತು ಹೊರಡುವಷ್ಟರಲ್ಲಿ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತಿತ್ತು. ಗ್ಯಾರೇಜಿನವನು ಫ್ಯೂಸನ್ನು ನೋಡಿದನು, ಸರಿಯಾಗಿತ್ತು. ಪರೀಕ್ಷಾದೀಪವನ್ನು ತಂತಿಗಳಿಗೆ ಹಿಡಿದನು, ದೀಪ ಬೆಳಗಿತು. ಫ್ಯಾನು ಎಲ್ಲರ ಕಣ್ಣೆದುರಿಗೇ ರಭಸವಾಗಿ ತಿರುಗುತ್ತಿತ್ತು. ಥರ್ಮೋಸ್ಟಾಟನ್ನು ಬದಲಿಸಿದ್ದೂ ಆಯಿತು, ಪ್ರಯೋಜನವಾಗಲಿಲ್ಲ. ಹೊಸ ರೇಡಿಯೇಟರೇ ಕಳಪೆಯೆಂದು ಮಿತ್ರರೂ, ಎಂಜಿನ್ನನ್ನೇ ಬಿಚ್ಚಬೇಕೆಂದು ಗ್ಯಾರೇಜಿನವನೂ ವಾದಕ್ಕೆ ನಿಂತರು. ಸಾವಿರಾರು ರೂಪಾಯಿಗಳ ವೆಚ್ಚವೂ ಬಹುಕಾಲದ ವಿಶ್ವಾಸವೂ ಪಣಕ್ಕೆ ಬಿದ್ದಂತಾಯಿತು.

ಯಂತ್ರವು ತಾನಾಗಿ ಕೊಟ್ಟಿದ್ದ ಸುಳಿವನ್ನು ಇಬ್ಬರೂ ತೂಗಿ ನೋಡಿರಲಿಲ್ಲ. ರೇಡಿಯೇಟರು ಕಟ್ಟಿಕೊಂಡಿದ್ದರೆ, ಎಂಜಿನ್ನು ಹೆಚ್ಚು ಶಾಖವನ್ನು ಹೊರಸೂಸುವ ಹೆದ್ದಾರಿಯಲ್ಲಿಯೇ ತೊಂದರೆ ಹೆಚ್ಚಬೇಕು. ಇಲ್ಲಿಯೋ ಓಡುವಾಗ ಕ್ಷೇಮ, ನಿಂತಾಗ ಅಪಾಯ. ಆದುದರಿಂದ ನೀರಿನ ಹರಿವು ನಿರ್ದೋಷಿ. ಕೊರತೆ ಇರುವುದು ಗಾಳಿಯದು. ಆದರೆ ಫ್ಯಾನು ತಿರುಗುತ್ತಿದೆಯಲ್ಲ!

ಆಗ ಮಾಡಿದ ಪರೀಕ್ಷೆಗೆ ಬೇಕಾದದ್ದು ಒಂದು ತೆಳುವಾದ ಕಾಗದದ ಹಾಳೆ ಮಾತ್ರ. ಫ್ಯಾನು ತಿರುಗುತ್ತಿರುವಾಗ ಕಾರಿನ ಮುಂದಿನ ಜಾಲರಿಯ ಹೊರಗೆ ಹಾಳೆಯನ್ನು ಹಿಡಿಯಲಾಯಿತು. ರೇಡಿಯೇಟರಿನ ಹಿಂದಿರುವ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಸೆಳೆಯುವುದರಿಂದ ಹಾಳೆಯು ಜಾಲರಿಗೆ ಅಂಟಿಕೊಳ್ಳಬೇಕು. ಆದರೆ ಅದು ಹೊರಕ್ಕೆ ಹಾರಾಡಿತು. ಫ್ಯಾನು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿತ್ತು!

ಕಾರಣವೇನು?

ರೇಡಿಯೇಟರನ್ನು ಬಿಚ್ಚುವಾಗ ಮೋಟರಿನ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತುವಾಗ ಅವು ಅದಲುಬದಲಾಗಿದ್ದವು. ಇಂಥ ಮೋಟರಿನಲ್ಲಿ ಸಾಮಾನ್ಯವಾಗಿ ಶಾಶ್ವತ ಕಾಂತಗಳಿರುತ್ತವೆ. ಕಾಂತಕ್ಷೇತ್ರದಲ್ಲಿ ವಿದ್ಯುತ್ತನ್ನು ಒಯ್ಯುವ ತಂತಿಯ ಮೇಲೆ ಬಲವು ಯಾವ ದಿಕ್ಕಿಗೆ ಉಂಟಾಗುತ್ತದೆಂಬುದನ್ನು ಫ್ಲೆಮಿಂಗನ ಎಡಗೈ ನಿಯಮದಿಂದ ಅರಿಯಬಹುದು. ಕಾಂತಕ್ಷೇತ್ರವು ಹಾಗೆಯೇ ಇದ್ದು ಪ್ರವಾಹ ಮಾತ್ರ ತಿರುಗುಮುರುಗಾದರೆ ಬಲವೂ ತಿರುಗುಮುರುಗಾಗುತ್ತದೆ. ಅಡುಗೆಮನೆಯ ಮಿಕ್ಸಿಯಲ್ಲಿ ಹೀಗಾಗುವುದಿಲ್ಲ. ಅದರ ಕಾಂತಕ್ಷೇತ್ರವೂ ಅದೇ ಪ್ರವಾಹದಿಂದ ಹುಟ್ಟುವುದರಿಂದ ಎರಡೂ ಒಟ್ಟಿಗೆ ಬದಲಾಗಿ ದಿಕ್ಕು ಉಳಿಯುತ್ತದೆ.

ಹಿಮ್ಮುಖವಾದ ಫ್ಯಾನಿನಿಂದ ಎರಡು ನಷ್ಟಗಳುಂಟು. ಅದರ ಅಲಗುಗಳು ಒಂದೇ ದಿಕ್ಕಿಗೆ ಯೋಗ್ಯವಾಗಿ ಬಾಗಿರುವುದರಿಂದ ಹಿಮ್ಮುಖದಲ್ಲಿ ಗಾಳಿಯನ್ನು ಕಡಿಮೆ ದೂಡುತ್ತವೆ. ಅಲ್ಲದೆ ದೂಡುವ ಗಾಳಿಯು ಎಂಜಿನ್ನಿನ ಬದಿಯ ಬಿಸಿಗಾಳಿ. ನೀರು ೯೫ ಡಿಗ್ರಿ, ಹೊರಗಿನ ಗಾಳಿ ೩೦ ಡಿಗ್ರಿ ಇದ್ದರೆ ಅಂತರ ೬೫ ಡಿಗ್ರಿ. ಬಾನೆಟ್ಟಿನೊಳಗಿನ ಗಾಳಿ ೬೫ ಡಿಗ್ರಿ ಇದ್ದರೆ ಅಂತರ ಕೇವಲ ೩೦. ಶಾಖವು ಹರಿಯುವ ವೇಗ ಈ ಅಂತರವನ್ನೇ ಅವಲಂಬಿಸಿರುವುದರಿಂದ ಅದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ.

ಗ್ಯಾರೇಜಿನವನನ್ನು ಅಜ್ಞಾನಿಯೆಂದು ಹಳಿಯುವುದು ನ್ಯಾಯವಲ್ಲ. ಅವನು ಪರೀಕ್ಷಿಸಿದ್ದನು. ಆದರೆ ಪರೀಕ್ಷಾದೀಪದ ತಂತು ಪ್ರವಾಹವು ಯಾವ ಕಡೆಯಿಂದ ಬಂದರೂ ಒಂದೇ ಸಮನೆ ಬೆಳಗುತ್ತದೆ. ಅದಕ್ಕೆ ದಿಕ್ಕಿನ ಅರಿವಿಲ್ಲ. ಸರಿಯಿದ್ದರೂ ತಪ್ಪಿದ್ದರೂ ಒಂದೇ ಉತ್ತರವನ್ನು ಕೊಡುವ ಪರೀಕ್ಷೆಯಿಂದ ನಿರ್ಣಯ ದೊರೆಯದು. ಹಾಳೆಯನ್ನು ಕಂಡೊಡನೆ ಅವನೇ ನಕ್ಕು, ಐದು ನಿಮಿಷಗಳಲ್ಲಿ ತಂತಿಗಳನ್ನು ಬದಲಿಸಿ ಬಲವಾಗಿ ಜೋಡಿಸಿದನು.

ಬಲವಾದ ಜೋಡಣೆಗೂ ಅರ್ಥವುಂಟು. ೧೨ ವೋಲ್ಟಿನಲ್ಲಿ ೧೦ ಆಂಪಿಯರ್ ಸೆಳೆಯುವ ಮೋಟರನ್ನು ಸುಮಾರಾಗಿ ೧.೨ ಓಮ್ ರೋಧವೆಂದು ಎಣಿಸೋಣ. ಸಡಿಲವಾದ ಜೋಡಣೆಯಲ್ಲಿ ಅರ್ಧ ಓಮ್ ಸೇರಿಕೊಂಡರೆ ಪ್ರವಾಹ ೭ ಆಂಪಿಯರಿಗೆ ಇಳಿದು ಫ್ಯಾನು ಸೊರಗುತ್ತದೆ. ಜೋಡಣೆಯಲ್ಲಿಯೇ ಸುಮಾರು ೨೫ ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ದುರಸ್ತಿಯವರ ಬೆಸುಗೆಕಡ್ಡಿಗೆ ಬೇಕಾಗುವುದೂ ಅಷ್ಟೇ!

ಫ್ಯಾನು ತಿರುಗದೆಯೇ ಇದ್ದರೆ

ಆಗಲೂ ಕ್ರಮವಾಗಿ ನಡೆಯಬೇಕು. ಮೊದಲು ದುರಸ್ತಿಯಲ್ಲಿ ಕೈಯಾಡಿಸಿದ ಕೊಂಡಿಗಳನ್ನೂ ಫ್ಯೂಸನ್ನೂ ನೋಡಬೇಕು. ಅನೇಕ ಕಾರುಗಳಲ್ಲಿ ಹವಾನಿಯಂತ್ರಣವನ್ನು ಚಾಲೂ ಮಾಡಿದರೆ ಅದೇ ಫ್ಯಾನು ತಿರುಗುತ್ತದೆ. ಹಾಗೆ ತಿರುಗಿದರೆ ಮೋಟರು ನಿರ್ದೋಷಿ. ಸಂಶಯವು ಉಷ್ಣತೆಯನ್ನು ಅಳೆಯುವ ಸೆನ್ಸರಿನ ಕಡೆಗೆ ತಿರುಗುತ್ತದೆ. ಹೊಸದಾಗಿ ನೀರು ತುಂಬಿದಾಗ ಒಳಗೆ ಗಾಳಿಯ ಗುಳ್ಳೆ ಉಳಿದು ಸೆನ್ಸರನ್ನು ಆವರಿಸಿದ್ದರೆ, ನೀರಿನ ಬಿಸಿ ಅದಕ್ಕೆ ತಕ್ಷಣ ತಿಳಿಯುವುದಿಲ್ಲ. ತಣ್ಣಗಿರುವಾಗ ಗಾಳಿಯನ್ನು ಹೊರಬಿಟ್ಟು ನೀರನ್ನು ಪೂರ್ತಿಗೊಳಿಸುವುದೇ ಇದಕ್ಕೆ ಪರಿಹಾರ.

ಎರಡು ಎಚ್ಚರಿಕೆಗಳು ಅವಶ್ಯ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿದೊಡನೆ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ನು ನಿಂತಿದೆಯೆಂದು ಫ್ಯಾನಿನ ಬಳಿ ಕೈ ಹಾಕಬಾರದು. ಕೆಲವು ಕಾರುಗಳಲ್ಲಿ ಅದು ತಾನಾಗಿ ತಿರುಗತೊಡಗುತ್ತದೆ.

ಕಾರಿಲ್ಲದ ವಿದ್ಯಾರ್ಥಿಗಳೂ ಈ ಪ್ರಯೋಗವನ್ನು ಮಾಡಬಹುದು. ಆಟಿಕೆಯ ಸಣ್ಣ ಮೋಟರಿಗೆ ಅಲಗುಗಳನ್ನು ಸಿಕ್ಕಿಸಿ, ಒಂದು ಶುಷ್ಕಕೋಶಕ್ಕೆ ಜೋಡಿಸಿ, ಮುಂದೆ ಕಾಗದದ ಚೂರನ್ನು ಹಿಡಿಯಿರಿ. ಅನಂತರ ತಂತಿಗಳನ್ನು ಅದಲುಬದಲು ಮಾಡಿ, ಕಾಗದವು ಯಾವ ಕಡೆಗೆ ಓಲುತ್ತದೆಂಬುದನ್ನು ನೀವೇ ನೋಡಿರಿ.