ಹಳೆಯ ಮನೆ, ಹೊಸ ಹಿತ್ತಲು



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟವನ್ನು ಅವರು ಗಾದೆಯಾಗಿಸಲಿಲ್ಲ. ಅವರಿಗೆ ಅದು ವರ್ಷದ ಕ್ರಮಕ್ಕೆ ಸೇರಿದ ಕೆಲಸವಾಗಿತ್ತು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ, ಮುಂಗಾರಿಗೆ ಮುಂಚೆ ಸೂರಿಗೆ ಕೈ, ದೀಪಾವಳಿಗೆ ನೆಲದ ಸಾರಣೆ ಎಂದು ಕಾಲವೇ ಅದನ್ನು ನೆನಪಿಸುತ್ತಿದ್ದಿತು. ಮಕ್ಕಳು ದಾವಣಗೆರೆಗೂ ಬೆಂಗಳೂರಿಗೂ ಹೊರಟುಹೋದ ಮನೆಗಳಲ್ಲಿ ಈ ಕ್ರಮ ತಪ್ಪಿತು. ಈಗ ಅಂಥ ಮನೆಗೆ ಹಿಂದಿರುಗಿ, ಅದನ್ನು ದುರಸ್ತಿ ಮಾಡಿ, ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಸಬೇಕೆಂದು ಬಯಸುವವರು ಅಲ್ಲಲ್ಲಿ ಕಾಣುತ್ತಾರೆ. ಕರಣೆಯನ್ನಾಗಲಿ ಕುಡುಗೋಲನ್ನಾಗಲಿ ಹಿಡಿದು ಅಭ್ಯಾಸವಿಲ್ಲದ ಅಂಥವರಿಗೆ ಉಪಯೋಗವಾಗಬಹುದಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತೇನೆ.

ದೃಷ್ಟಾಂತಕ್ಕೆ ಮಲೆಬೆನ್ನೂರನ್ನೇ ತೆಗೆದುಕೊಳ್ಳೋಣ. ಇದು ಹರಿಹರದಿಂದ ಹೊನ್ನಾಳಿಯ ಮೇಲೆ ಶಿವಮೊಗ್ಗೆಗೆ ಹೋಗುವ ದಾರಿಯ ಊರು; 18ನೆಯ ಶತಮಾನದ ಹರಿದಾಸಿ ಹೆಳವನಕಟ್ಟೆ ಗಿರಿಯಮ್ಮ ಬಾಳಿದ ಸೀಮೆ. ಬಯಲುನಾಡಿನ ಮಣ್ಣಿನ ಮಾಳಿಗೆಯೂ ಮಲೆನಾಡಿನ ಇಳಿಜಾರು ಹಂಚಿನ ಸೂರೂ ಇಲ್ಲಿ ಒಂದಕ್ಕೊಂದು ಹತ್ತಿರ ಬರುತ್ತವೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಗೊಂಡು ನಾಲೆಗಳು ಹರಿದ ಮೇಲೆ ಊರಿನ ಸುತ್ತ ಗದ್ದೆಗಳು ಹೆಚ್ಚಿದವು. ನಾಡಿಗೆ ಅದು ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಹಿಂದೆ ಕಟ್ಟಿದ ಮಣ್ಣಿನ ಗೋಡೆ ಬಹುಮಟ್ಟಿಗೆ ಒಣ ನೆಲವನ್ನು ನಂಬಿ ನಿಂತದ್ದು. ಗದ್ದೆಯಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಭೂಮಿಯೊಳಗಿನ ನೀರೂ ಮೇಲೇರುವುದರಿಂದ, ಅಜ್ಜನ ಕಾಲದಲ್ಲಿ ಒಣಗಿದ್ದ ಗೋಡೆ ಮೊಮ್ಮಗನ ಕಾಲದಲ್ಲಿ ತೇವವಾಗಿರಬಹುದು. ಆದಕಾರಣ ಹಳೆಯ ಮನೆಯನ್ನು ಪರೀಕ್ಷಿಸುವವನು ಮೊದಲು ನೀರಿನ ದಾರಿಯನ್ನು ತಿಳಿಯಬೇಕು. ಜೋರು ಮಳೆಯ ದಿನ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬಂದರೆ ಸಾಕು. ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆಗೆ ಇರಚಲು ಹೊಡೆಯುತ್ತದೆ ಎಂಬುದೆಲ್ಲ ತಾನಾಗಿ ಗೋಚರವಾಗುತ್ತದೆ. ಹಿತ್ತಲಿನಲ್ಲಿ ಎಲ್ಲಿ ಪಾತಿ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದನ್ನೂ ಇದೇ ಸುತ್ತು ಹೇಳಿಕೊಡುತ್ತದೆ.

ದುರಸ್ತಿ ಮೇಲಿನಿಂದ ಆರಂಭವಾಗಬೇಕು. ಸೂರು ಸೋರುತ್ತಿರುವಾಗ ಗೋಡೆಗೆ ಬಣ್ಣ ಬಳಿಯುವುದು ವ್ಯರ್ಥ. ಮಣ್ಣಿನ ಮಾಳಿಗೆಯಾದರೆ ಅದರ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ದಮ್ಮಸು ಮಾಡಿದ ಒಂದು ಘನ ಮೀಟರು ಮಣ್ಣು ಸುಮಾರು 1,600 ಕಿಲೋಗ್ರಾಂ ತೂಗುತ್ತದೆ. 3 ಮೀಟರು ಅಗಲ, 4 ಮೀಟರು ಉದ್ದದ ಕೋಣೆಯ ಮೇಲೆ 15 ಸೆಂಟಿಮೀಟರು ದಪ್ಪದ ಮಣ್ಣಿದ್ದರೆ, ತೊಲೆ ಜಂತೆಗಳು ಹೊರುವ ಹೊರೆ 2,880 ಕಿಲೋ, ಎಂದರೆ ಸುಮಾರು 29 ಕ್ವಿಂಟಾಲು. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ದಪ್ಪ ಎರಡರಷ್ಟಾಗಿ, ಹೊರೆ 58 ಕ್ವಿಂಟಾಲಿಗೆ ಏರುತ್ತದೆ. ಮಳೆಯಲ್ಲಿ ನೆನೆದರೆ ಅದಕ್ಕಿಂತಲೂ ಹೆಚ್ಚು. ಆ ವೇಳೆಗೆ ಜಂತೆಗಳೂ ಮುದಿಯಾಗಿರುತ್ತವೆ. ಮಳೆಗಾಲದ ರಾತ್ರಿ ಮಾಳಿಗೆಯೋ ಗೋಡೆಯೋ ಕುಸಿದು ಮಲಗಿದ್ದವರು ಮಡಿದ ವಾರ್ತೆ ನಮ್ಮ ನಾಡಿನಲ್ಲಿ ಅಪರೂಪವಲ್ಲ. ಹಳೆಯ ಮಣ್ಣನ್ನು ಕೆರೆದು ಇಳಿಸದೆ ಹೊಸದನ್ನು ಏರಿಸಕೂಡದು. ತೊಲೆ ನಡುವೆ ಬಾಗಿದ್ದರೆ, ಅಥವಾ ಅದು ಗೋಡೆಯ ಮೇಲೆ ಕೂರುವೆಡೆ ಬಿರುಕು ಬಿಟ್ಟಿದ್ದರೆ, ಅನುಭವಿಯಾದ ಬಡಗಿಯಾಗಲಿ ಇಂಜಿನಿಯರಾಗಲಿ ನೋಡುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಹಂಚಿನ ಮನೆಯ ದೋಷಗಳನ್ನು ಕಂಡುಹಿಡಿಯುವುದು ಸುಲಭ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚು ನಾಡೆಲ್ಲ ಹರಡಿತು. ನಡುಹಗಲಿನಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗಿನಿಂದ ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ನೀರಿಗೂ ದಾರಿಯುಂಟು. ಬಳಿಕ ಮರವನ್ನು ಪರೀಕ್ಷಿಸಬೇಕು. ದಬ್ಬಳದಿಂದ ಚುಚ್ಚಿದಾಗ ಗಟ್ಟಿಮರ ತಡೆಯುತ್ತದೆ, ಗೆದ್ದಲು ತಿಂದ ಮರ ದಬ್ಬಳವನ್ನು ಒಳಕ್ಕೆ ಬಿಡುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಏರಿದ್ದರೆ ಅವು ಗೆದ್ದಲಿನ ಹಾದಿಗಳು. ಕಂಬದ ಬುಡ ಕಲ್ಲಿನ ಮೇಲೆ ನಿಂತಿರಬೇಕು. ಮರ ಹಸಿ ನೆಲವನ್ನು ಮುಟ್ಟಬಾರದು.

ಈಗ ಗೋಡೆಯ ವಿಷಯ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಮಣ್ಣಿನ ಗೋಡೆ ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆಯಾಗಲಿ ಸಗಣಿ ಬೆರೆತ ಮಣ್ಣಿನ ಮೆತ್ತಿಗೆಯಾಗಲಿ ಮೇಲಿದ್ದರೆ, ಏರಿದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಭದ್ರವಾಗಲೆಂದು ಅದರ ಮೇಲೆ ಸಿಮೆಂಟಿನ ಗಿಲಾವು ಮಾಡಿದರೆ ನೀರಿಗೆ ಹೊರದಾರಿ ಕಟ್ಟಿಹೋಗುತ್ತದೆ. ಗಿಲಾವಿನ ಹಿಂದೆ ಮಣ್ಣು ಮೆತ್ತಗಾಗುತ್ತದೆ, ನೀರು ಇನ್ನೂ ಮೇಲಕ್ಕೆ ಏರುತ್ತದೆ, ಕೆಲವು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಉಬ್ಬಿ ಕಳಚುತ್ತದೆ. ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಬಲಗುಂದುವ ಇಂಥ ಗೋಡೆ, ಕಣ್ಣಿಗೆ ಕಾಣುವಂತೆ ಸವೆದ ಗೋಡೆಗಿಂತ ಹೆಚ್ಚು ಅಪಾಯಕರ. ಹಳೆಯ ಮಣ್ಣಿನ ಗೋಡೆಗೆ ಸುಣ್ಣವೇ ಯುಕ್ತ. ಸುಣ್ಣದ ಗಾರೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲನೆ ಕಲ್ಲಾಗುವುದರಿಂದ, ಅದನ್ನು ಬಿಸಿಲಿಗೆ ಬಿಡದೆ ಕೆಲವು ದಿನ ತೇವವಾಗಿಟ್ಟು ಕಾಯಬೇಕು. ಸುಟ್ಟ ಸುಣ್ಣಕ್ಕೆ ನೀರೆರೆಯುವಾಗ ಅದು ಕುದಿದು ಸಿಡಿಯುತ್ತದೆ. ಕಣ್ಣನ್ನು ರಕ್ಷಿಸಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು.

ಕುಸಿದ ಭಾಗವನ್ನು ಹೊಸದಾಗಿ ಕಟ್ಟಬೇಕಾದರೆ ಮಣ್ಣಿನಲ್ಲಿಯೇ ಉತ್ತಮ ಉಪಾಯವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು, ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಒಲೆಯಲ್ಲಿ ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಅದಕ್ಕೆ ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಬೇಕು. ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಎರೆಮಣ್ಣು ಒದಗುವುದಿಲ್ಲ.

ಈ ಸೀಮೆಯ ಹಳೆಯ ಮನೆಗಳಲ್ಲಿ ಇರಬಹುದಾದ ಮತ್ತೊಂದು ವಸ್ತುವಿನ ಬಗೆಗೆ ಎಚ್ಚರಿಕೆ ಹೇಳದೆ ಮುಂದುವರಿಯಲಾಗದು. ಅದು ಹಗೇವು, ಧಾನ್ಯ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಉಸಿರಾಟಕ್ಕೆ ಯೋಗ್ಯವಾದ ಗಾಳಿ ಇರುವುದಿಲ್ಲ. ಗಾಳಿಗಿಂತ ಭಾರವಾದ ಇಂಗಾಲಾಮ್ಲವು ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಒಳಗೆ ಇಳಿದವನು ಕೂಗುವುದಕ್ಕೂ ಮುನ್ನ ಎಚ್ಚರ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದವನ ಗತಿಯೂ ಅದೇ. ದೀಪ ಇಳಿಬಿಟ್ಟು ನೋಡುವ ರೂಢಿಯುಂಟು. ದೀಪ ಆರಿದರೆ ಅಪಾಯವಿರುವುದು ನಿಶ್ಚಯ; ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಅಪಾಯವಿಲ್ಲವೆಂಬುದು ನಿಶ್ಚಯವಲ್ಲ. ಒಳಗೆ ಇಳಿಯದೆ, ಮೇಲಿನಿಂದಲೇ ಕಲ್ಲು ಮಣ್ಣು ತುಂಬಿ ದಮ್ಮಸು ಮಾಡಿ ಮುಚ್ಚುವುದು ಕ್ಷೇಮ.

ಇನ್ನು ಹಿತ್ತಲಿಗೆ ಬರೋಣ. ಮಣ್ಣಿನ ಗುಣವನ್ನು ತಿಳಿಯಲು ಗಾಜಿನ ಬಾಟಲಿಯೊಂದರಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ಮುಕ್ಕಾಲಿನವರೆಗೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕೆಲವು ಗಂಟೆಗಳಲ್ಲಿ ಮೆಕ್ಕಲು. ಒಂದೆರಡು ದಿನದಲ್ಲಿ ಜೇಡಿ. ಪದರಗಳನ್ನು ಅಳೆದು ನೋಡಿದರೆ ಮಣ್ಣು ಗೋಡೆಗೆ ತಕ್ಕುದೋ ಗಿಡಕ್ಕೆ ತಕ್ಕುದೋ ಎಂಬುದರ ಅಂದಾಜು ಸಿಗುತ್ತದೆ. ಮರಳು ಹೆಚ್ಚಾದ ನೆಲಕ್ಕೆ ಅಡಿಗಡಿಗೆ ಸ್ವಲ್ಪ ಸ್ವಲ್ಪ ನೀರು ಬೇಕು. ಜೇಡಿ ಹೆಚ್ಚಾದ ನೆಲಕ್ಕೆ ಅಪರೂಪವಾಗಿ ನೀರು ಕೊಟ್ಟು, ಏರುಮಡಿ ಮಾಡಿ, ಹೆಚ್ಚಿನ ನೀರು ಹರಿದುಹೋಗಲು ಕಾಲುವೆ ಬಿಡಬೇಕು. ಎರಡು ಬಗೆಯ ನೆಲಕ್ಕೂ ಕೊಟ್ಟಿಗೆ ಗೊಬ್ಬರವೇ ಔಷಧ. ಇನ್ನೂ ಖಚಿತವಾಗಿ ತಿಳಿಯಬೇಕಾದವರು, ಹಿತ್ತಲಿನ ಹಲವು ಕಡೆ ಗೇಣುದ್ದ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಬಹುದು.

ದುರಸ್ತಿಯ ಕಸವನ್ನು ಹಿತ್ತಲಿಗೆ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಗಾರೆಯ ಚೂರು ಬೆರೆತ ನೆಲದಲ್ಲಿ ಸುಣ್ಣದ ಅಂಶ ಹೆಚ್ಚಿ, ಗಿಡಕ್ಕೆ ಕಬ್ಬಿಣದ ಅಂಶ ದೊರೆಯದೆ, ನರಗಳು ಹಸುರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಹಳೆಯ ಗೋಡೆಯ ಬರಿಯ ಮಣ್ಣನ್ನಾದರೋ ಗೊಬ್ಬರದೊಡನೆ ಮಿತವಾಗಿ ಬೆರೆಸಬಹುದು. ಅಂಥ ಗೋಡೆಗಳಿಂದಲೂ ಕೊಟ್ಟಿಗೆಯ ನೆಲದಿಂದಲೂ ಹಿಂದಿನವರು ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಅದರಲ್ಲಿ ಸಸ್ಯಕ್ಕೆ ಬೇಕಾದ ಸಾರಜನಕವುಂಟು. ಅತಿಯಾದರೆ ಉಪ್ಪಿನಿಂದ ಬೇರು ಸುಡುತ್ತದೆ.

ಮನೆಯ ಕೆಲಸ ನಡೆಯುತ್ತಿರುವ ಮೊದಲ ವರ್ಷ ಹಿತ್ತಲಿನಿಂದ ಹೆಚ್ಚನ್ನು ಬಯಸಬೇಡಿ. ಮುಂಗಾರಿನಲ್ಲಿ ಅಪ್ಸೆಣಬನ್ನು ಬಿತ್ತಿ, ಸುಮಾರು 45 ದಿನಕ್ಕೆ ಹೂ ಬರುವ ವೇಳೆಯಲ್ಲಿ ಮಣ್ಣಿಗೆ ಮಗುಚಿದರೆ ಅದೇ ಹಸುರೆಲೆ ಗೊಬ್ಬರವಾಗುತ್ತದೆ. ಅದು ಕೊಳೆತ ಮೇಲೆ ಎರಡು ಸಣ್ಣ ಪಾತಿಗಳಿಂದ ಪ್ರಾರಂಭಿಸಿ. ಹರಿವೆ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬಂದು ಹೊಸಬನಿಗೆ ಧೈರ್ಯ ಕೊಡುತ್ತದೆ. ಬೆಂಡೆ ಒಂದೂವರೆ ತಿಂಗಳಿನ ಹೊತ್ತಿಗೆ ಕಾಯಿ ಬಿಡುತ್ತದೆ. ಬದನೆ, ಮೆಣಸಿನಗಿಡಗಳನ್ನು ಒಟ್ಟಲಿನಲ್ಲಿ ಬೆಳೆಸಿ, ನಾಲ್ಕೈದು ವಾರದ ಸಸಿಯನ್ನು ಸಂಜೆಯ ತಂಪಿನಲ್ಲಿ ನಾಟಿ ಮಾಡಬೇಕು. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಮಾತ್ರ ಹಾಕಬೇಕು. ಹೊಸಬರ ಬೀಜ ಮೊಳೆಯದಿರುವುದಕ್ಕೆ ಬೀಜದ ದೋಷಕ್ಕಿಂತ ಆಳದ ದೋಷವೇ ಹಲವು ವೇಳೆ ಕಾರಣ.

ಗೋಡೆಗೂ ಗಿಡಕ್ಕೂ ನಡುವೆ ಮರ್ಯಾದೆಯ ಅಂತರವಿರಬೇಕು. ಗೋಡೆಯ ಬುಡದಿಂದ ಮೂರು ಅಡಿಯವರೆಗೆ ನೆಲವನ್ನು ಹೊರಕ್ಕೆ ಇಳಿಜಾರಾಗಿ ಮಾಡಿ ಬರಿದಾಗಿ ಬಿಡಿ. ಅಲ್ಲಿ ಪಾತಿ ಬೇಡ, ನೀರೂ ಬೇಡ. ನುಗ್ಗೆ ಗಾಳಿಗೆ ಮುರಿಯುವ ಮರ, ತೆಂಗು ಕಾಯಿ ಉದುರಿಸುವ ಮರ. ಎರಡನ್ನೂ ಹಂಚಿನ ಸೂರಿನಿಂದ ದೂರದಲ್ಲಿ ನೆಡಬೇಕು. ಬಚ್ಚಲ ನೀರನ್ನು ಕಾಲುವೆಯಲ್ಲಿ ಹರಿಸಿ ಬಾಳೆಯ ಬುಡಕ್ಕೆ ಬಿಟ್ಟರೆ, ಗೋಡೆಯ ಶತ್ರುವಾದ ನೀರು ಗೊನೆಗೆ ಆಹಾರವಾಗುತ್ತದೆ.

ಕಾಲಕ್ರಮ ಹೀಗಿರಲಿ. ಮಾಘ ಫಾಲ್ಗುಣಗಳಲ್ಲಿ ಸೂರಿನ ಕೆಲಸ. ಭರಣಿ ಕೃತ್ತಿಕೆ ಮಳೆಗಳು ಬರುವುದರೊಳಗೆ ಹಂಚು ಕೂತಿರಬೇಕು. ರೋಹಿಣಿ ಮೃಗಶಿರಾ ಮಳೆಗಳಿಗೆ ಹಿತ್ತಲಿನ ಬಿತ್ತನೆ. ಮಳೆಗಾಲದಲ್ಲಿ ಗೋಡೆಯನ್ನು ಮುಟ್ಟದೆ, ನೀರಿನ ದಾರಿಯನ್ನಷ್ಟೇ ತಿದ್ದಬೇಕು. ಹಿಂಗಾರು ಕಳೆದು ಗೋಡೆ ಒಣಗಿದ ಬಳಿಕ, ಮಾರ್ಗಶಿರದ ಹಿತವಾದ ಬಿಸಿಲಿನಲ್ಲಿ ಸುಣ್ಣದ ಗಾರೆ. ಹಣ ಸಾಲದಿದ್ದರೆ ನೆಲ, ಬಣ್ಣ, ಬಾಗಿಲುಗಳ ಕೆಲಸಗಳನ್ನು ಮುಂದಿನ ವರ್ಷಕ್ಕೆ ತಳ್ಳಬಹುದು. ಸೂರನ್ನೂ ಚರಂಡಿಯನ್ನೂ ತಳ್ಳಬಾರದು.

ಮನೆಯಲ್ಲಿ ವೃದ್ಧರಾದ ತಾಯಿತಂದೆಗಳಿದ್ದರೆ ಈ ಎಲ್ಲ ಕೆಲಸಗಳಿಗೆ ಮುಂಚೆ ಅವರನ್ನು ಕೇಳಿ. ಯಾವ ಮೂಲೆ ಯಾವ ಮಳೆಗೆ ಸೋರುತ್ತಿತ್ತು, ಹಗೇವು ಎಲ್ಲಿತ್ತು, ಹಿಂದೆ ಬಾವಿಯ ನೀರು ಎಷ್ಟು ಮೊಳದಲ್ಲಿತ್ತು ಎಂಬುದನ್ನು ಬಲ್ಲವರು ಅವರೇ. ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಳಿಕ ಮೇಸ್ತ್ರಿಯನ್ನು ಕರೆಯಿರಿ.