ಹೊಗೆ ಸೋರುವುದು ಗ್ಯಾಸ್ಕೆಟ್ಟಿನಲ್ಲಿ, ಕೇಡು ಇರುವುದು ಥ್ರೆಡ್ಡಿನಲ್ಲಿ

ಬೆಂಗಳೂರಿನ ಸಿಂಗಸಂದ್ರದಲ್ಲಿ ಹೊಸೂರು ರಸ್ತೆಯ ಮೇಲೆ 2010ರಿಂದ ಮೇಲ್ಸೇತುವೆ ಇದ್ದು, 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಕೂಡ ಓಡುತ್ತಿದ್ದರೂ, ಕೆಳಗಿನ ರಸ್ತೆಯಲ್ಲಿ ಬೊಮ್ಮನಹಳ್ಳಿಗೋ ಎಲೆಕ್ಟ್ರಾನಿಕ್ ಸಿಟಿಗೋ ನಿಂತು ನಿಂತು ಸಾಗುವ ಹಳೆಯ ಕಾರುಗಳ ಪಾಡು ಸುಧಾರಿಸಿಲ್ಲ. ಅವುಗಳ ಸೈಲೆನ್ಸರನ್ನು ಕೆಡಿಸುವುದು ನೀರು. ಒಂದು ಲೀಟರ್ ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊಗೆಯೊಡನೆ ಹೊರಡುತ್ತದೆ. ನಾಲ್ಕೈದು ಕಿಲೋಮೀಟರಿನ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗುವ ಮೊದಲೇ ಎಂಜಿನ್ ಆಫ್ ಆಗುವುದರಿಂದ ಆ ನೀರು ಕೊಳವೆಯೊಳಗೇ ಉಳಿದು ತಗಡನ್ನು ಒಳಗಿನಿಂದ ತಿನ್ನುತ್ತದೆ. ತೂತುಬಿದ್ದ ಸೈಲೆನ್ಸರನ್ನು ವೆಲ್ಡಿಂಗ್ ಮಾಡಿಸಬಹುದು ಅಥವಾ ಬದಲಿಸಬಹುದು, ಅದು ದೊಡ್ಡ ಸಂಗತಿಯಲ್ಲ. ನಿಜವಾದ ತೊಡಕು ಇರುವುದು ಎಂಜಿನ್ನಿನ ಕಡೆಯ ತುದಿಯಲ್ಲಿ. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಕೊಳವೆಗೆ ಕೂಡಿಸುವ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸ್ಟಡ್ಡುಗಳು, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ತಲೆಯಿಲ್ಲದ ಬೋಲ್ಟುಗಳು, ಸಿಲಿಂಡರ್ ಹೆಡ್ಡಿಗೆ ಬಿಗಿಯುವ ಜಾಗ ಅದು.

ಇಲ್ಲಿನ ಸೋರಿಕೆಯ ಗುರುತು ಮೋಸಗೊಳಿಸುವಂಥದ್ದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದೊಡನೆ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದು, ಎಂಜಿನ್ ಕಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ತಾನಾಗಿ ನಿಂತುಹೋಗುತ್ತದೆ; ಇದನ್ನು ವಾಲ್ವುಗಳನ್ನು ಎತ್ತುವ ಟ್ಯಾಪೆಟ್ಟಿನ ಸದ್ದೆಂದು ತಿಳಿದು ಅನಗತ್ಯವಾಗಿ ಟ್ಯಾಪೆಟ್ ಸೆಟ್ ಮಾಡಿಸುವವರಿದ್ದಾರೆ. ಎಂಜಿನ್ ಕಾಯುವ ಮೊದಲೇ ಕೂಡುಗೆರೆಗೆ ಸೋಪಿನ ನೀರು ಚಿಮುಕಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ, ಹಳೆಯ ಸೋರಿಕೆಯಾದರೆ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಇಡುವ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆಯೂ ಇರುತ್ತದೆ. ಈ ಸೋರಿಕೆಯನ್ನು ಸದ್ದಿನ ಕಿರಿಕಿರಿ ಎಂದಷ್ಟೇ ಎಣಿಸುವುದು ಅಪಾಯಕರ, ಏಕೆಂದರೆ ಬಾನೆಟ್ಟಿನೊಳಗೆ ಸೋರಿದ ಹೊಗೆ ಗಾಳಿಕಿಂಡಿಯ ಮೂಲಕ ಕಾರಿನೊಳಕ್ಕೆ ಬರಬಲ್ಲದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಗ್ಯಾಸ್ಕೆಟ್ ಬದಲಿಸಿದರೂ ಕೆಲವೇ ತಿಂಗಳಲ್ಲಿ ಸೋರಿಕೆ ಮರುಕಳಿಸುವುದಕ್ಕೆ ಕಾರಣ ಬಹುಮಟ್ಟಿಗೆ ಹೆಡ್ಡಿನ ತೂತುಗಳಲ್ಲಿರುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಾಗಲಿ, ಅದಕ್ಕೂ ಹಿಂದಿನ ಪ್ರೀಮಿಯರ್ ಪದ್ಮಿನಿಯಲ್ಲಾಗಲಿ ಹೆಡ್ಡು ಅಲ್ಯೂಮಿನಿಯಮ್ಮಿನದು, ಮ್ಯಾನಿಫೋಲ್ಡು ಬೀಡುಕಬ್ಬಿಣದ್ದು, ಸ್ಟಡ್ಡು ಉಕ್ಕಿನದು. ಒಂದೇ ಬಿಸಿಗೆ ಅಲ್ಯೂಮಿನಿಯಮ್ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಕಾದು ತಣಿಯುವ ಪ್ರತಿ ಸುತ್ತಿನಲ್ಲೂ ಮೆತ್ತಗಿನ ಅಲ್ಯೂಮಿನಿಯಮ್ ಥ್ರೆಡ್ಡಿನ ಮೇಲೆ ಎಳೆತ ಬೀಳುತ್ತದೆ, ಹಲವು ವರ್ಷಗಳ ಬಳಿಕ ಯಾರೋ ನಟ್ಟನ್ನು ಸ್ವಲ್ಪ ಹೆಚ್ಚು ಬಿಗಿದಾಗ ಸ್ಟಡ್ಡು ಥ್ರೆಡ್ಡನ್ನೇ ಕಿತ್ತುಕೊಂಡು ಹೊರಬರುತ್ತದೆ. ಅಂಬಾಸಡರಿನ 1489 ಸಿಸಿ ಎಂಜಿನ್ನಿನಲ್ಲಿ ಹೆಡ್ಡೂ ಬೀಡುಕಬ್ಬಿಣದ್ದೇ ಆದ್ದರಿಂದ ಥ್ರೆಡ್ ಹೋಗುವುದು ಕಡಿಮೆ. ಅದರ ತೊಂದರೆ ಬೇರೆ. ಅದರಲ್ಲಿ ಇನ್ಲೆಟ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಒಂದೇ ಬದಿಯಲ್ಲಿದ್ದು, ಒಂದೇ ದಪ್ಪ ವಾಷರು ಎರಡರ ಅಂಚನ್ನೂ ಒತ್ತಿಹಿಡಿಯುತ್ತದೆ. ಒಂದರ ಅಂಚು ಸವೆದು ತೆಳುವಾದರೆ ವಾಷರು ವಾಲಿ, ನಟ್ಟು ಎಷ್ಟೇ ಬಿಗಿಯಾಗಿದ್ದರೂ ಆ ಕಡೆಯಿಂದ ಹೊಗೆ ಸೋರುತ್ತದೆ.

ಥ್ರೆಡ್ ಹೋದ ತೂತಿಗೆ ದಪ್ಪ ಬೋಲ್ಟು ತುರುಕುವುದು, ಟೇಪು ಸುತ್ತುವುದು, ಎಂಸೀಲ್ ಅಂಟು ತುಂಬುವುದು ಇವೆಲ್ಲ ಕೈಗೆ ಸುಲಭವಾದ ದಾರಿಗಳು. ಅಲ್ಲಿನ ಕಾವಿಗೆ ಎಂಸೀಲ್ ನಿಲ್ಲುವುದಿಲ್ಲ. ದಪ್ಪ ಬೋಲ್ಟು ನಿಂತರೂ ತೂತಿನ ಸುತ್ತಲಿನ ಗೋಡೆಯನ್ನು ತೆಳ್ಳಗಾಗಿಸಿ, ಮುಂದಿನ ಸರಿಯಾದ ರಿಪೇರಿಗೆ ಬೇಕಾದ ಲೋಹವನ್ನೇ ಕಳೆದುಬಿಡುತ್ತದೆ. ತಯಾರಿಕೆ ನಿಂತುಹೋದ ಎಂಜಿನ್ನಿನ ಹೆಡ್ಡನ್ನು ಹೀಗೆ ಕೆಡಿಸುವುದು ಅಕ್ಷಮ್ಯ.

ಸರಿಯಾದ ರಿಪೇರಿ ಶುರುವಾಗುವುದು ಹಳೆಯ ಸ್ಟಡ್ಡುಗಳನ್ನು ತೆಗೆಯುವುದರಿಂದ; ತುಕ್ಕು ಹಿಡಿದ ಸ್ಟಡ್ಡನ್ನು ತೆಗೆಯುವಾಗ ಬಲಕ್ಕಿಂತ ಬಿಸಿಯೇ ಹೆಚ್ಚು ಕೆಲಸ ಮಾಡುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಲಿನ ಅಲ್ಯೂಮಿನಿಯಮ್ಮನ್ನು ಹದವಾಗಿ ಕಾಯಿಸಿ, ಎರಡು ನಟ್ಟುಗಳನ್ನು ಒಂದಕ್ಕೊಂದು ಲಾಕ್ ಮಾಡಿ ಹಿಂದೆ ಮುಂದೆ ತಿರುಗಿಸುತ್ತ ಬಂದರೆ ಹೆಚ್ಚಿನವು ಸಡಿಲುತ್ತವೆ. ತುಂಡಾಗಿ ಮೋಟು ಉಳಿದಿದ್ದರೆ ಅದರ ಮೇಲೆ ನಟ್ಟಿಟ್ಟು ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಕಾವಿಗೆ ತುಕ್ಕಿನ ಹಿಡಿತ ಒಡೆಯುತ್ತದೆ. ಮೋಟನ್ನು ಕಚ್ಚಿ ತಿರುಗಿಸಿ ತೆಗೆಯುವ ಗಡಸು ಉಕ್ಕಿನ ಎಕ್ಸ್‌ಟ್ರಾಕ್ಟರ್ ಅದರೊಳಗೇ ಮುರಿದುಕೊಂಡಿತೆಂದರೆ ಮಾತ್ರ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಆಗ ವಿದ್ಯುತ್ ಕಿಡಿಯಿಂದ ಲೋಹವನ್ನು ಕರಗಿಸಿ ತೆಗೆಯುವ ಸ್ಪಾರ್ಕ್ ಇರೋಷನ್ ಯಂತ್ರವೇ ಬೇಕು. ಅಂಥ ಕೆಲಸ ಬಲ್ಲ ಕೈಗಳು ಹೊಸೂರು ರಸ್ತೆಯಲ್ಲೇ ಮುಂದಿರುವ ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳಲ್ಲಿರುವುದು ಸಿಂಗಸಂದ್ರದ ಕಾರು ಮಾಲೀಕರಿಗೆ ದೊಡ್ಡ ಅನುಕೂಲ.

ಬರಿದಾದ ತೂತಿಗೆ ಶಾಶ್ವತ ಪರಿಹಾರ ಹೆಲಿಕಾಯಿಲ್, ಅಂದರೆ ಸ್ಟೇನ್‌ಲೆಸ್ ಉಕ್ಕಿನ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮಾಡಿದ ಹೊಸ ಥ್ರೆಡ್ಡು. 8 ಮಿಲಿಮೀಟರ್ ಸ್ಟಡ್ಡಿಗೆ ತೂತನ್ನು ಸುಮಾರು 8.3 ಮಿಲಿಮೀಟರಿಗೆ ಹಿಗ್ಗಿಸಿ, ಅದಕ್ಕೆಂದೇ ಇರುವ ಟ್ಯಾಪಿನಿಂದ, ಅಂದರೆ ಥ್ರೆಡ್ ಕೊರೆಯುವ ಉಪಕರಣದಿಂದ, ಹೊಸ ಗೆರೆ ಹಾಕಿ, ತಂತಿಯ ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗಿಳಿಯುವವರೆಗೆ ತಿರುಗಿಸಿ, ಕೊನೆಗೆ ಅದರ ಕೊಂಡಿಯನ್ನು ಮುರಿದು ತೆಗೆಯಬೇಕು. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಟ್ಯಾಪು ನೆಟ್ಟಗೆ ಇಳಿಯುವುದು, ಏಕೆಂದರೆ ವಾರೆಯಾದ ಸ್ಟಡ್ಡು ಮ್ಯಾನಿಫೋಲ್ಡನ್ನು ಒಂದು ಬದಿಗೆ ಎಳೆದು ಇನ್ನೊಂದು ಬದಿಯಲ್ಲಿ ಸಂದು ಬಿಡಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ 14 ಮಿಲಿಮೀಟರ್ ತೂತಿಗೂ ಇದೇ ಕ್ರಮವಾದರೂ, ಹೆಡ್ಡು ಬಿಚ್ಚದೆ ಮಾಡುವಾಗ ಲೋಹದ ಚೂರು ಸಿಲಿಂಡರಿಗೆ ಬೀಳದಂತೆ ಟ್ಯಾಪಿನ ತೋಡುಗಳಿಗೆ ಗ್ರೀಸು ತುಂಬಿ, ಆಗಾಗ ಹೊರತೆಗೆದು ಒರೆಸುತ್ತಿರಬೇಕಾಗುತ್ತದೆ.

ಮ್ಯಾನಿಫೋಲ್ಡನ್ನು ಮರಳಿ ಕೂರಿಸುವ ಮೊದಲು ಅದರ ಮುಖಕ್ಕೆ ನೇರಪಟ್ಟಿ ಹಿಡಿದು, ಸಂದನ್ನು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿ, ಸೊಟ್ಟಾಗಿದ್ದರೆ ಫೇಸಿಂಗ್, ಅಂದರೆ ಯಂತ್ರದಲ್ಲಿ ಸಮತಟ್ಟು, ಮಾಡಿಸಬೇಕು. ಸೊಟ್ಟ ಮುಖವನ್ನು ಹಾಗೇ ಬಿಗಿದರೆ ಹೊಸ ಥ್ರೆಡ್ಡಿಗೂ ಹಳೆಯ ಗತಿಯೇ. ತುಕ್ಕು ಹಿಡಿಯದ ಹಿತ್ತಾಳೆ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಆಯಾ ಎಂಜಿನ್ನಿನ ಕೈಪಿಡಿ ಹೇಳುವಷ್ಟೇ ಟಾರ್ಕಿಗೆ, ಅಂದರೆ ತಿರುಗುಬಲಕ್ಕೆ, ಟಾರ್ಕ್ ವ್ರೆಂಚಿನಿಂದ ಬಿಗಿದು, ಎಂಜಿನ್ನನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ತಣಿದ ಮೇಲೆ ಅದೇ ವ್ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿದರೆ ಕೆಲಸ ಮುಗಿಯಿತು.